ಕಾರಿನ ನಿಯತ ಸರ್ವೀಸು ಮತ್ತು ಮಾಲೀಕನ ಮಿತವ್ಯಯ

ಕಾರನ್ನು ಕೊಂಡ ಗೃಹಸ್ಥನು ಮುಂದಿನ ಹತ್ತು ಹದಿನೈದು ವರ್ಷಗಳ ಕಾಲ ಅದಕ್ಕೋಸ್ಕರ ತೆರತಕ್ಕ ಹಣದಲ್ಲಿ ಪೆಟ್ರೋಲಿನದು, ವಿಮೆಯದು, ತೆರಿಗೆಯದು ಎಂದು ಹಲವು ಬಾಬುಗಳುಂಟು; ಇವುಗಳಲ್ಲಿ ಪೆಟ್ರೋಲಿನ ಬೆಲೆ ಅವನ ಅಧೀನದಲ್ಲಿಲ್ಲ, ವಿಮೆಯನ್ನು ಕಾನೂನು ಬಿಡಗೊಡದು, ತೆರಿಗೆಯನ್ನಂತೂ ಕಾರು ರಸ್ತೆಗಿಳಿಯುವ ಮೊದಲೇ ಸರ್ಕಾರ ವಸೂಲು ಮಾಡಿಕೊಂಡಿರುತ್ತದೆ. ಅವನ ವಿವೇಚನೆಗೆ ನಿಜವಾದ ಅವಕಾಶವಿರುವುದು ನಿಯತಕಾಲಿಕ ಸರ್ವೀಸಿನ ಬಾಬಿನಲ್ಲಿ. ಆದರೆ ನಮ್ಮ ಮಧ್ಯಮವರ್ಗದ ಮಾಲೀಕರು ಅತ್ಯಂತ ಕಡಿಮೆ ವಿವೇಚನೆಯಿಂದ ಹಣ ತೆರುತ್ತಿರುವುದೂ ಅದೇ ಬಾಬಿಗೆ. ಷೋರೂಮಿನಿಂದ ಫೋನು ಬರುತ್ತದೆ, ಸರ್ವೀಸಿನ ಅವಧಿ ಸಮೀಪಿಸಿತೆಂದು ನೆನಪಿಸುತ್ತದೆ. ಡ್ರೈವರೊಬ್ಬನು ಮನೆಗೆ ಬಂದು ಕೀಲಿ ಒಯ್ಯುತ್ತಾನೆ. ಸಂಜೆಗೆ ತೊಳೆದು ಒರೆಸಿದ ಕಾರೂ ಎರಡು ಪುಟದ ಬಿಲ್ಲೂ ಒಟ್ಟಿಗೆ ಬಾಗಿಲಿಗೆ ಬರುತ್ತವೆ. ಆ ಎರಡು ಪುಟಗಳಲ್ಲಿ ಯಾವ ಸಾಲು ಇಂಜಿನ್ನಿನ ಆಯುಸ್ಸಿಗೆ ಅವಶ್ಯಕ, ಯಾವುದು ಕೇವಲ ಅಲಂಕಾರ, ಯಾವುದು ಇನ್ನೂ ಎರಡು ವರ್ಷ ತಡೆದರೂ ನಡೆಯುವಂಥದು ಎಂಬುದನ್ನು ವಿಚಾರಿಸದೆ ಹಣ ಸಂದಾಯ ಮಾಡುವುದು ರೂಢಿಯಾಗಿಹೋಗಿದೆ. ಡೀಲರನ್ನು ಆಶ್ರಯಿಸದೆಯೇ ಈ ಕೆಲಸವನ್ನು ಕಡಿಮೆ ಖರ್ಚಿನಲ್ಲಿ, ಆದರೆ ಯಾವ ನ್ಯೂನತೆಯೂ ಇಲ್ಲದಂತೆ ಮಾಡಿಸುವ ಮಾರ್ಗವುಂಟೇ ಎಂಬುದು ಇಲ್ಲಿ ಪರಿಶೀಲಿಸತಕ್ಕ ಪ್ರಶ್ನೆ. ಉಂಟೆಂಬುದೇ ನನ್ನ ಮತ. ಆದರೆ ಆ ಉಳಿತಾಯವು ಸರ್ವೀಸನ್ನು ಮುಂದೂಡುವುದರಿಂದ ಬರತಕ್ಕದ್ದಲ್ಲ, ಯಾವುದು ಯಾವಾಗ ಏಕೆ ಬೇಕೆಂಬುದನ್ನು ಮಾಲೀಕನೇ ಅರಿತಿರುವುದರಿಂದ ಬರತಕ್ಕದ್ದು.

ಅಂಬಾಸಡರ್, ಪದ್ಮಿನಿಗಳ ಕಾಲದಲ್ಲಿ ಈ ಪ್ರಶ್ನೆಯೇ ಇಷ್ಟು ತೀಕ್ಷ್ಣವಾಗಿರಲಿಲ್ಲ. ಕಾರ್ಬುರೇಟರನ್ನು ಬಿಚ್ಚಿ ತೊಳೆಯುವುದು, ಪ್ಲಗ್ಗಿನ ಅಂತರವನ್ನು ಸರಿಮಾಡುವುದು, ತಳಭಾಗದ ನಿಪ್ಪಲ್ಲುಗಳಿಗೆ ಗ್ರೀಸು ತುಂಬುವುದು, ಇವೆಲ್ಲ ತಾಲ್ಲೂಕು ಕೇಂದ್ರದ ಯಾವ ಗ್ಯಾರೇಜಿನಲ್ಲಿಯಾದರೂ ನಡೆಯುವ ಕೆಲಸಗಳಾಗಿದ್ದುವು. ಕಾರು ಕೆಡುವುದು ಪದೇ ಪದೇ ಆಗುತ್ತಿದ್ದರೂ ಅದನ್ನು ಸರಿಪಡಿಸುವ ವಿದ್ಯೆ ಊರೂರಿನಲ್ಲಿಯೂ ಹರಡಿಕೊಂಡಿತ್ತು. 1983ರಲ್ಲಿ ಮಾರುತಿ 800 ಬಂದ ತರುವಾಯ, ವಿಶೇಷವಾಗಿ ಇಂಜಿನ್ನಿಗೆ ಇಂಧನವನ್ನು ಅಳೆದು ಕೊಡುವ ಕೆಲಸವನ್ನು ಕಂಪ್ಯೂಟರು ವಹಿಸಿಕೊಂಡ ತರುವಾಯ, ಕಾರು ಕೆಡುವುದು ವಿರಳವಾಯಿತು. ಜೊತೆಗೆ ಅದು ಸಾಮಾನ್ಯ ಮೆಕ್ಯಾನಿಕ್ಕನ ಕೈಗೆ ದಕ್ಕದ ಯಂತ್ರವೆಂಬ ಭಾವನೆಯೂ ಬಲವಾಯಿತು. ಈ ಭಾವನೆಯಲ್ಲಿ ಅರ್ಧಾಂಶ ಸತ್ಯವುಂಟು, ಅರ್ಧಾಂಶ ಭಯವುಂಟು. ಏಕೆಂದರೆ ಕಾರು ಎಷ್ಟೇ ನವೀನವಾಗಿದ್ದರೂ ನಿಯತ ಸರ್ವೀಸಿನಲ್ಲಿ ಮಾಡತಕ್ಕ ಕೆಲಸವು ಇಂದಿಗೂ ಹಳೆಯ ಕಾಲದಷ್ಟೇ ಸರಳವಾದದ್ದು: ಕೆಟ್ಟ ಆಯಿಲನ್ನು ಇಳಿಸಿ ಹೊಸದನ್ನು ತುಂಬುವುದು, ಫಿಲ್ಟರುಗಳನ್ನು ಬದಲಿಸುವುದು, ಬ್ರೇಕನ್ನು ಬಿಚ್ಚಿ ನೋಡುವುದು, ದ್ರವಗಳ ಮಟ್ಟವನ್ನೂ ಟೈರುಗಳ ಸವೆತವನ್ನೂ ಪರೀಕ್ಷಿಸುವುದು.

ಡೀಲರನ ಬಿಲ್ಲು ಏರುವುದಕ್ಕೆ ಅವನ ದುರಾಶೆಯೊಂದನ್ನೇ ಕಾರಣವಾಗಿ ಹೇಳುವುದು ನ್ಯಾಯವಲ್ಲ. ಹೊಸ ಕಾರನ್ನು ಮಾರುವುದರಲ್ಲಿ ಅವನಿಗೆ ಉಳಿಯುವ ಲಾಭ ಅಲ್ಪ. ಪೈಪೋಟಿಯ ರಿಯಾಯಿತಿಗಳಲ್ಲಿ ಅದೂ ಕರಗುತ್ತದೆ. ಮುಖ್ಯರಸ್ತೆಯ ಮೇಲಿನ ಗಾಜಿನ ಮಳಿಗೆ, ಕಂಪನಿ ವಿಧಿಸಿದ ಮಾದರಿಯ ಕಟ್ಟಡ, ಸಿಬ್ಬಂದಿ, ಇವೆಲ್ಲದರ ಭಾರವು ಸರ್ವೀಸು ಮತ್ತು ಬಿಡಿಭಾಗಗಳ ವಿಭಾಗದ ಮೇಲೆ ಬೀಳುತ್ತದೆ. ಆದಕಾರಣ ಜಾಬ್ ಕಾರ್ಡು ಬರೆಯುವ ಸರ್ವೀಸ್ ಅಡ್ವೈಸರನಿಗೆ ತಿಂಗಳಿಗೆ ಇಷ್ಟು ವ್ಯಾಪಾರ ಮಾಡತಕ್ಕದ್ದೆಂಬ ಗುರಿ ವಿಧಿಸಲ್ಪಟ್ಟಿರುತ್ತದೆ; ಅವನು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು, "ಸಾರ್, ಈ ಸಲ ಇಂಜಿನ್ ಫ್ಲಶ್ ಮಾಡಿಸಿಬಿಡಿ, ಪಿಕಪ್ ಚೆನ್ನಾಗಾಗುತ್ತೆ; ಎಸಿಗೂ ಒಂದು ಕ್ಲೀನಿಂಗ್ ಹಾಕ್ತೀನಿ" ಎಂದು ವಿನಯದಿಂದಲೇ ಹೇಳುತ್ತಾನೆ. ಮಾಲೀಕನಿಗೆ ಆಫೀಸಿಗೆ ಹೊತ್ತಾಗಿರುತ್ತದೆ, 'ಹಾಕಿ' ಎನ್ನುತ್ತಾನೆ. ಹೀಗೆ ಟೆಫ್ಲಾನ್ ಕೋಟಿಂಗು, ಇಂಜಿನ್ ಡ್ರೆಸ್ಸಿಂಗು, ಇಂಜೆಕ್ಟರ್ ಕ್ಲೀನಿಂಗು, ಎಸಿ ಡಿಸಿನ್ಫೆಕ್ಟೆಂಟು, ಇಲಿಗಳನ್ನು ಓಡಿಸುವ ಸ್ಪ್ರೇ ಎಂಬ ನಾಮಾವಳಿಯು ಬಿಲ್ಲಿನೊಳಕ್ಕೆ ಪ್ರವೇಶಿಸುತ್ತದೆ. ಇವುಗಳಲ್ಲಿ ಬಹುಪಾಲು ಕಾರಿನೊಡನೆ ಬಂದ ಕೈಪಿಡಿಯ ಸರ್ವೀಸು ಪಟ್ಟಿಯಲ್ಲಿ ಎಲ್ಲಿಯೂ ಕಾಣಿಸವು. ಆಯಿಲನ್ನು ಕಾಲಕ್ಕೆ ಸರಿಯಾಗಿ ಬದಲಿಸುತ್ತಿರುವ ಇಂಜಿನ್ನಿಗೆ ಫ್ಲಶ್ಶಿನ ಆವಶ್ಯಕತೆ ಇಲ್ಲವೆಂದೂ, ಇಂಜಿನ್ನಿನ ಮೇಲ್ಮೈಗೆ ಹಚ್ಚುವ ಹೊಳಪಿನಿಂದ ಅದರ ಆಯುಸ್ಸು ಒಂದು ದಿನವೂ ವರ್ಧಿಸದೆಂದೂ ನಿಸ್ಸಂಶಯವಾಗಿ ಹೇಳಬಹುದು. ಕರಾವಳಿಯ ಉಪ್ಪುಗಾಳಿಯಲ್ಲಿ, ವರ್ಷದಲ್ಲಿ ನಾಲ್ಕು ತಿಂಗಳು ಮಳೆಯಲ್ಲಿ ನೆನೆಯುವ ಮಂಗಳೂರು, ಉಡುಪಿ, ಕಾರವಾರಗಳ ಕಾರುಗಳಿಗೆ ತಳಭಾಗದ ತುಕ್ಕುನಿರೋಧಕ ಲೇಪನವು ಮಾತ್ರ ಸಾರ್ಥಕವಾದ ವೆಚ್ಚ. ಅದೇ ಲೇಪನವನ್ನು ಒಣಹವೆಯ ವಿಜಯಪುರದ ಮಾಲೀಕನಿಗೆ ಪ್ರತಿಯೊಂದು ಸರ್ವೀಸಿನಲ್ಲಿಯೂ ಮಾರುವುದಕ್ಕೆ ಸಮರ್ಥನೆ ಇಲ್ಲ.

ಇಲ್ಲಿ ಪ್ರಮಾಣಗ್ರಂಥವೆಂದರೆ ಕಾರಿನ ಕೈಪಿಡಿ. ಡ್ಯಾಷ್‌ಬೋರ್ಡಿನ ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ ಹೊದಿಕೆಯನ್ನೂ ಕಳಚದೆ ಬಿದ್ದಿರುವ ಆ ಪುಸ್ತಕವನ್ನು ಒಂದು ಭಾನುವಾರದ ಬೆಳಗ್ಗೆ ಕೂತು ಓದಿದವನು ಅಲ್ಲಿಯೇ ಅರ್ಧ ಉಳಿತಾಯವನ್ನು ಸಾಧಿಸಿದನೆಂದು ಹೇಳಬೇಕು. ಯಾವ ದರ್ಜೆಯ ಆಯಿಲು, ಎಷ್ಟು ಲೀಟರು, ಎಷ್ಟು ಕಿಲೋಮೀಟರಿಗೆ ಅಥವಾ ಎಷ್ಟು ತಿಂಗಳಿಗೆ ಯಾವ ಭಾಗವನ್ನು ಕೇವಲ ಪರೀಕ್ಷಿಸಬೇಕು, ಯಾವುದನ್ನು ಬದಲಿಸಲೇಬೇಕು ಎಂಬುದನ್ನೆಲ್ಲ ಕಾರನ್ನು ನಿರ್ಮಿಸಿದ ಇಂಜಿನಿಯರುಗಳೇ ಅಲ್ಲಿ ಕೋಷ್ಟಕವಾಗಿ ಕೊಟ್ಟಿದ್ದಾರೆ. 'ಪರೀಕ್ಷೆ' ಎಂದು ಮುದ್ರಿತವಾಗಿರುವೆಡೆ 'ಬದಲಾವಣೆ' ನಡೆದಿದೆಯೇ ಎಂದು ಬಿಲ್ಲನ್ನೂ ಕೋಷ್ಟಕವನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಸಾಕು. ಹೆಚ್ಚಿನ ಯಂತ್ರಜ್ಞಾನ ಬೇಕಾಗಿಲ್ಲ. ನಮ್ಮ ಪೆಟ್ರೋಲು ಕಾರುಗಳಲ್ಲಿ ಸಾಮಾನ್ಯವಾಗಿ 10,000 ಕಿಲೋಮೀಟರು ಅಥವಾ ಒಂದು ವರ್ಷ, ಯಾವುದು ಮೊದಲೋ ಅದು, ಆಯಿಲಿನ ಅವಧಿ; ಬ್ರೇಕ್ ಆಯಿಲಿಗೆ ಬಹುತೇಕ ಎರಡು ವರ್ಷ; ಸಾಧಾರಣ ನಿಕ್ಕಲ್ ಪ್ಲಗ್ಗುಗಳಿಗೆ ಸುಮಾರು 40,000 ಕಿಲೋಮೀಟರು, ಇರಿಡಿಯಂ ಪ್ಲಗ್ಗುಗಳಿಗೆ ಅದರ ಎರಡರಷ್ಟಕ್ಕೂ ಮಿಕ್ಕು.

ಆದರೆ ಕೈಪಿಡಿಯಲ್ಲಿಯೇ ಇನ್ನೊಂದು ಕೋಷ್ಟಕವಿರುತ್ತದೆ. ಕಠಿಣ ಸಂದರ್ಭಗಳಲ್ಲಿ ಓಡುವ ಕಾರುಗಳಿಗೆ ಅವಧಿಯನ್ನು ಕಿರಿದುಗೊಳಿಸುವ ಈ ಕೋಷ್ಟಕವನ್ನು ಮಿತವ್ಯಯದ ಉತ್ಸಾಹದಲ್ಲಿ ಮರೆಯತಕ್ಕದ್ದಲ್ಲ. ಧೂಳಿನ ರಸ್ತೆ, ಕಿರುಪ್ರಯಾಣ, ಇಂಜಿನ್ನನ್ನು ಓಡಿಸಿಕೊಂಡೇ ನಿಂತಿರುವುದು, ಇವೇ ಆ ಕಠಿಣ ಸಂದರ್ಭಗಳು; ಎಂದ ಮೇಲೆ ಬೆಂಗಳೂರಿನಲ್ಲಿ ಸಿಲ್ಕ್ ಬೋರ್ಡಿನ ಮಾರ್ಗವಾಗಿ ನಿತ್ಯ ಕಛೇರಿಗೆ ಹೋಗಿಬರುವ ಕಾರೂ, ಸಂಡೂರಿನ ಕೆಂಧೂಳಿನಲ್ಲಿ ಓಡಾಡುವ ಕಾರೂ ಇದೇ ಗುಂಪಿಗೆ ಸೇರಿದುವೆಂಬುದರಲ್ಲಿ ಸಂದೇಹವಿಲ್ಲ. ಲೆಕ್ಕ ಹಾಕಿ ನೋಡಿದರೆ ವಿಷಯ ವಿಶದವಾಗುತ್ತದೆ. ಗಂಟೆಗೆ ಸರಾಸರಿ 60 ಕಿಲೋಮೀಟರು ವೇಗದಲ್ಲಿ ಹೆದ್ದಾರಿಯ ಮೇಲೆ ಓಡುವ ಕಾರು 10,000 ಕಿಲೋಮೀಟರು ಪೂರೈಸುವ ವೇಳೆಗೆ ಅದರ ಇಂಜಿನ್ನು ಸುಮಾರು 167 ಗಂಟೆ ದುಡಿದಿರುತ್ತದೆ. ಸರಾಸರಿ 20 ಕಿಲೋಮೀಟರು ವೇಗದ ನಗರಸಂಚಾರದ ಕಾರು ಅಷ್ಟೇ ದೂರಕ್ಕೆ 500 ಗಂಟೆ ದುಡಿದಿರುತ್ತದೆ. ಮೀಟರಿನ ಅಂಕೆ ಒಂದೇ, ಆಯಿಲು ಕಾದು ಬೆಂದ ಕಾಲ ಮೂರರಷ್ಟು. ನಗರದ ಮಾಲೀಕನು ಅಲಂಕಾರದ ಬಾಬುಗಳಲ್ಲಿ ಉಳಿಸಿದ ಹಣದಲ್ಲಿ ಅಲ್ಪಾಂಶವನ್ನು ವಿನಿಯೋಗಿಸಿ 7,000 ಕಿಲೋಮೀಟರಿಗೊಮ್ಮೆ ಆಯಿಲು ಬದಲಿಸಿದರೆ ಅದೇ ನಿಜವಾದ ಮಿತವ್ಯಯವೆಂದು ನಾನು ಎಣಿಸುತ್ತೇನೆ.

ಇನ್ನು ವಾರಂಟಿಯ ಪ್ರಶ್ನೆ. ಹೊರಗಿನ ಗ್ಯಾರೇಜಿಗೆ ಹೋಗಲು ಹಿಂಜರಿಯುವವರಲ್ಲಿ ಬಹುಮಂದಿ ಹಿಂಜರಿಯುವುದು ಇದೇ ಕಾರಣದಿಂದ. ಅಮೆರಿಕದಲ್ಲಿ 1975ರ ಮ್ಯಾಗ್ನಸನ್-ಮಾಸ್ ಕಾಯಿದೆಯು, ಗಿರಾಕಿಯು ಕಂಪನಿಯದೇ ಬಿಡಿಭಾಗವನ್ನು ಅಥವಾ ಸೇವೆಯನ್ನು ಹಣ ಕೊಟ್ಟು ಕೊಳ್ಳತಕ್ಕದ್ದೆಂಬ ಕಟ್ಟುಪಾಡನ್ನು ವಾರಂಟಿಗೆ ಗಂಟು ಹಾಕುವುದನ್ನು ನಿಷೇಧಿಸಿತು. 2012ರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದ ಮತದಾರರು ದುರಸ್ತಿಯ ಮಾಹಿತಿಯು ಸ್ವತಂತ್ರ ಗ್ಯಾರೇಜುಗಳಿಗೂ ದೊರೆಯಬೇಕೆಂಬ ಕಾನೂನಿಗೆ ಒಪ್ಪಿಗೆಯಿತ್ತರು. ಯೂರೋಪಿನ ಒಕ್ಕೂಟವು 2002ರಲ್ಲಿಯೇ ಇದೇ ದಿಕ್ಕಿನಲ್ಲಿ ನಿಯಮಗಳನ್ನು ಮಾಡಿತ್ತು. ನಮ್ಮಲ್ಲಿ ಈ ವಿಷಯಕ್ಕೆ ಮೂಲವಾದದ್ದು ಶಮ್ಶೇರ್ ಕಟಾರಿಯಾ ಎಂಬವರು ಭಾರತೀಯ ಸ್ಪರ್ಧಾ ಆಯೋಗಕ್ಕೆ ಸಲ್ಲಿಸಿದ ದೂರು. ವಿಚಾರಣೆ ಬೆಳೆದು ಬಹುಮಟ್ಟಿಗೆ ಎಲ್ಲ ಕಾರು ಕಂಪನಿಗಳನ್ನೂ ಒಳಗೊಂಡು, 2014ರ ಆಗಸ್ಟ್ 25ರಂದು ಆಯೋಗವು 14 ಕಂಪನಿಗಳ ಮೇಲೆ ಒಟ್ಟು ಸುಮಾರು 2,545 ಕೋಟಿ ರೂಪಾಯಿಗಳ ದಂಡ ವಿಧಿಸಿತು. ಅಸಲು ಬಿಡಿಭಾಗಗಳನ್ನು ಮುಕ್ತ ಮಾರುಕಟ್ಟೆಗೆ ಬಿಡದೆ, ದುರಸ್ತಿಯ ಉಪಕರಣಗಳನ್ನೂ ಮಾಹಿತಿಯನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಕೊಡದೆ ಬಳಕೆದಾರರನ್ನು ಕಟ್ಟಿಹಾಕಿದ್ದಾರೆಂಬುದೇ ಆಯೋಗದ ನಿರ್ಣಯ. ಬಿಡಿಭಾಗಗಳ ಮೇಲೆ ಏರಿಸಿದ ಬೆಲೆಯು ನೂರಕ್ಕೆ ನೂರರಿಂದ ಮೊದಲುಗೊಂಡು ಕೆಲವು ವಸ್ತುಗಳಲ್ಲಿ ಐದು ಸಾವಿರದವರೆಗೂ ಹೋಗಿತ್ತೆಂದು ಆ ಆಜ್ಞೆಯಲ್ಲಿ ದಾಖಲಾಗಿದೆ.

ಅದೇ ಆಜ್ಞೆಯಲ್ಲಿ, ಹೊರಗೆ ಸರ್ವೀಸು ಮಾಡಿಸಿದ ಮಾತ್ರಕ್ಕೆ ವಾರಂಟಿಯನ್ನು ಸಮಗ್ರವಾಗಿ ರದ್ದುಗೊಳಿಸುವ ಷರತ್ತು ಸಲ್ಲದೆಂದೂ, ಹೊರಗಿನ ಕೆಲಸದ ದೋಷದಿಂದ ಹಾನಿಯಾದುದು ಕಂಡುಬಂದಲ್ಲಿ ಆ ಹಾನಿಯ ಮಟ್ಟಿಗೆ ಮಾತ್ರ ವಾರಂಟಿಯನ್ನು ನಿರಾಕರಿಸಬಹುದೆಂದೂ ಹೇಳಿದೆ. ಕಂಪನಿಗಳು ಮೇಲ್ಮನವಿಗೆ ಹೋದುವು, ವಿವಾದ ವರ್ಷಾನುಗಟ್ಟಲೆ ಮುಂದುವರಿಯಿತು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿನ ಜಾಲತಾಣವೊಂದನ್ನು ತೆರೆದು ಮೋಟಾರು ವಾಹನಗಳನ್ನೂ ಅದರ ವ್ಯಾಪ್ತಿಗೆ ತಂದಿತು. ತತ್ತ್ವವು ಗ್ರಾಹಕನ ಪಕ್ಷದಲ್ಲಿದೆ. ಆದರೂ ವ್ಯವಹಾರಜ್ಞಾನದ ಮಾತನ್ನು ಇಲ್ಲಿ ಹೇಳಲೇಬೇಕು: ವಾರಂಟಿಯ ಅವಧಿಯಲ್ಲಿ ಗೇರ್‌ಬಾಕ್ಸ್ ಕೆಟ್ಟು ಲಕ್ಷ ರೂಪಾಯಿಯ ಪ್ರಶ್ನೆ ಎದ್ದಾಗ ಆಯೋಗದ ಆಜ್ಞೆಯನ್ನು ಹಿಡಿದು ವಾದಿಸುತ್ತ ತಿಂಗಳುಗಟ್ಟಲೆ ಅಲೆಯುವುದಕ್ಕಿಂತ, ಆ ಎರಡು ಮೂರು ವರ್ಷ ಅಧಿಕೃತ ಸರ್ವೀಸ್ ಸೆಂಟರಿಗೇ ಹೋಗುವುದು ಕ್ಷೇಮ. ಹೇಗೂ ಮೊದಲ ಕೆಲವು ಸರ್ವೀಸುಗಳಿಗೆ, ಬಹುತೇಕ ಕಂಪನಿಗಳಲ್ಲಿ ಮೂರಕ್ಕೆ, ಕೂಲಿ ಇಲ್ಲ. ಆಯಿಲು ಫಿಲ್ಟರುಗಳ ಬೆಲೆ ಮಾತ್ರ. 'ಕೋಷ್ಟಕದಲ್ಲಿರುವುದನ್ನು ಮಾತ್ರ ಮಾಡಿ, ಬೇರೆ ಏನಿದ್ದರೂ ನನ್ನನ್ನು ಕೇಳಿ' ಎಂದು ಜಾಬ್ ಕಾರ್ಡಿನ ಮೇಲೆಯೇ ಬರೆಯಿಸಿ ಸಹಿ ಹಾಕಿದರೆ ಷೋರೂಮಿನಲ್ಲಿಯೂ ಬಿಲ್ಲು ಗಣನೀಯವಾಗಿ ಇಳಿಯುತ್ತದೆ. ವಾರಂಟಿ ಮುಗಿದ ದಿನದಿಂದ ಮುಂದೆ ಮಾಲೀಕನು ಸ್ವತಂತ್ರ.

ಈ ಸ್ವಾತಂತ್ರ್ಯದ ಮೊದಲ ಪಾಠ ಬಿಡಿಭಾಗಗಳದು. ಕಾರು ಕಂಪನಿಯು ತನ್ನ ಹೆಸರಿನ ಪೆಟ್ಟಿಗೆಯಲ್ಲಿ ಮಾರುವ ಭಾಗಗಳಲ್ಲಿ ತಾನೇ ತಯಾರಿಸಿದ್ದು ಕಡಿಮೆ. ಪ್ಲಗ್ಗು ಬಾಷ್‌ನದೋ ಎನ್‌ಜಿಕೆಯದೋ ಡೆನ್ಸೋದೋ ಆಗಿರುತ್ತದೆ. ಶಾಕ್ ಅಬ್ಸಾರ್ಬರು ಗೇಬ್ರಿಯಲ್‌ನದು, ಕ್ಲಚ್ಚು ವ್ಯಾಲಿಯೋ ಅಥವಾ ಲುಕ್‌ನದು, ಬ್ರೇಕಿನ ಲೈನಿಂಗು ರಾಣೆಯದು ಇರಬಹುದು. ಕನ್ನಡಿಗರಿಗೆ ಇದು ಅಪರಿಚಿತ ಸಂಗತಿಯಲ್ಲ. 1951ರಲ್ಲಿ ಸ್ಥಾಪಿತವಾಗಿ ಮೈಕೋ ಎಂದೇ ಮನೆಮಾತಾಗಿದ್ದ ಬೆಂಗಳೂರಿನ ಮೋಟಾರ್ ಇಂಡಸ್ಟ್ರೀಸ್ ಕಂಪನಿಯು, ಅಂದರೆ 2008ರಿಂದ ಬಾಷ್ ಎಂದು ಕರೆಯಿಸಿಕೊಳ್ಳುತ್ತಿರುವ ಸಂಸ್ಥೆಯು, ಕಾರ್ಖಾನೆಗಳಿಗೆ ಸರಬರಾಜು ಮಾಡುತ್ತಿದ್ದ ಹಾಗೆಯೇ ಬಿಡಿ ಅಂಗಡಿಗಳಲ್ಲಿಯೂ ತನ್ನ ಪ್ಲಗ್ಗುಗಳನ್ನು ಮಾರುತ್ತ ಬಂದಿದೆ. ಆದುದರಿಂದ ಮಾಲೀಕನ ಎದುರಿಗೆ ಮೂರು ದಾರಿಗಳಿವೆ: ಕಾರು ಕಂಪನಿಯ ಮುದ್ರೆಯ ಭಾಗ, ಅದನ್ನು ಮೂಲತಃ ತಯಾರಿಸಿದ ಸಂಸ್ಥೆಯ ಸ್ವಂತ ಮುದ್ರೆಯ ಭಾಗ, ಮತ್ತು ಕೇವಲ ಮಾರುಕಟ್ಟೆಗಾಗಿ ಬೇರೆಯವರು ತಯಾರಿಸಿದ ಭಾಗ. ಎರಡನೆಯದು ಮೊದಲನೆಯದಕ್ಕೆ ಗುಣದಲ್ಲಿ ಸಮಾನ, ಬೆಲೆಯಲ್ಲಿ ಅನೇಕ ವೇಳೆ ಕಡಿಮೆ. ಮೂರನೆಯದರಲ್ಲಿ ಉತ್ತಮವೂ ಉಂಟು, ಅಧಮವೂ ಉಂಟು. ವೈಪರು, ಬಲ್ಬು, ಎಸಿ ಫಿಲ್ಟರುಗಳಿಗೆ ಅದು ನಡೆದೀತು, ಬ್ರೇಕು ಮತ್ತು ಸ್ಟಿಯರಿಂಗಿಗೆ ಸಲ್ಲದು.

ಬೆಂಗಳೂರಿನ ಟೌನ್ ಹಾಲಿನಿಂದ ಮಿನರ್ವ ವೃತ್ತದ ಕಡೆಗೆ ಹೋಗುವ ಜೆ. ಸಿ. ರಸ್ತೆಯ ಅಂಗಡಿಗಳಲ್ಲಿ ಈ ಮೂರು ವರ್ಗಗಳೂ ಒಂದೇ ಕೌಂಟರಿನ ಹಿಂದೆ ಸಾಲಾಗಿ ದೊರೆಯುತ್ತವೆ. ಅಲ್ಲಿಗೆ ಹೋಗುವವನು ಕಾರಿನ ಮಾಡೆಲು, ವರ್ಷ ಇಷ್ಟನ್ನೇ ಹೇಳಿದರೆ ಸಾಲದು. ಆರ್‌ಸಿಯಲ್ಲಿ ಅಚ್ಚಾಗಿರುವ ಚಾಸಿಸ್ ನಂಬರನ್ನು ಬರೆದುಕೊಂಡು ಹೋಗಬೇಕು. ಒಂದೇ ವರ್ಷದ ಒಂದೇ ಮಾಡೆಲಿನಲ್ಲಿಯೂ ನಡುವೆ ಬ್ರೇಕ್ ಪ್ಯಾಡು ಬದಲಾಗಿರುವುದುಂಟು. ಚಾಸಿಸ್ ನಂಬರಿನಿಂದ ಅಂಗಡಿಯವನು ಪಾರ್ಟ್ ನಂಬರನ್ನು ನಿಖರವಾಗಿ ತೆಗೆಯುತ್ತಾನೆ, ಪೆಟ್ಟಿಗೆಯ ಮೇಲಿನ ನಂಬರನ್ನು ಅದಕ್ಕೆ ತಾಳೆ ನೋಡಿಕೊಳ್ಳಬಹುದು. ಪೆಟ್ಟಿಗೆಯ ಮೇಲೆ ಎಮ್‌ಆರ್‌ಪಿ ಅಚ್ಚಾಗಿರಲೇಬೇಕು. ಡೀಲರನು ಸಾಮಾನ್ಯವಾಗಿ ಅದನ್ನು ಪೂರ್ತಿಯಾಗಿ ವಿಧಿಸುತ್ತಾನೆ. ಇಲ್ಲಿ ಅದರಿಂದ ಕೆಳಕ್ಕೆ ಮಾತು ಆರಂಭವಾಗುತ್ತದೆ. ಸಣ್ಣ ಕಾರಿನ ಆಯಿಲ್ ಫಿಲ್ಟರು ನೂರು ರೂಪಾಯಿಯ ಆಸುಪಾಸಿನ ವಸ್ತುವೆಂಬುದು ಇಲ್ಲಿ ಕೈಯಲ್ಲಿ ಹಿಡಿದು ನೋಡಿದಾಗ ತಿಳಿಯುತ್ತದೆ. ಬಿಲ್ಲಿಲ್ಲದೆ ಇನ್ನಷ್ಟು ಕಡಿಮೆಗೆ ಕೊಡುತ್ತೇನೆಂಬ ಆಹ್ವಾನವನ್ನು ಮಾತ್ರ ಒಪ್ಪತಕ್ಕದ್ದಲ್ಲ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಮೇಲಿನ ಜಿಎಸ್‌ಟಿಯು 28ರಿಂದ 18 ಪ್ರತಿಶತಕ್ಕೆ ಇಳಿದಿರುವುದರಿಂದ ಆ ಆಮಿಷದ ಬಲವೂ ಕುಗ್ಗಿದೆ. ಭಾಗವು ನಕಲಿಯೆಂದು ಸಿದ್ಧವಾದರೆ ಬಿಲ್ಲೊಂದೇ ಆಧಾರ. ಅದಿದ್ದವನು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರಬಹುದು, ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು.

ಆಯಿಲಿನ ವಿಷಯದಲ್ಲಿ ಬ್ರಾಂಡಿಗಿಂತ ದರ್ಜೆ ಮುಖ್ಯ. ಡಬ್ಬಿಯ ಮೇಲಿನ 0ಡಬ್ಲ್ಯೂ-20, 5ಡಬ್ಲ್ಯೂ-30 ಎಂಬ ಸಂಕೇತವು ಅದರ ಸ್ನಿಗ್ಧತೆಯನ್ನು ತಿಳಿಸುತ್ತದೆ. ಎಪಿಐ ಎಸ್‌ಎನ್, ಎಸ್‌ಪಿ ಎಂಬುದು ಅದರ ಗುಣಮಟ್ಟವನ್ನು. ಕೈಪಿಡಿ ಹೇಳಿದ ದರ್ಜೆಯನ್ನು ಪೂರೈಸುವ ಯಾವ ಪ್ರತಿಷ್ಠಿತ ಆಯಿಲಾದರೂ ಆಗಬಹುದು, ಕಾರು ಕಂಪನಿಯ ಹೆಸರಿನ ಡಬ್ಬಿಯೇ ಆಗಬೇಕಾಗಿಲ್ಲ. ಆದರೆ 2020ರ ಏಪ್ರಿಲಿನಿಂದ ಜಾರಿಗೆ ಬಂದ ಬಿಎಸ್-6 ನಿಯಮದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಇರುವುದರಿಂದ, ಕಡಿಮೆ ಬೂದಿಯ ಆಯಿಲನ್ನೇ ಹಾಕಬೇಕು. ಹಳೆಯ ಡೀಸೆಲ್ ಕಾರಿಗೆ ಹಾಕುತ್ತಿದ್ದುದನ್ನೇ ಇದಕ್ಕೂ ಸುರಿದರೆ ನೂರಾರು ರೂಪಾಯಿ ಉಳಿಸಿದವನು ಸಾವಿರಾರು ರೂಪಾಯಿ ಬೆಲೆಯ ಭಾಗವನ್ನು ಕಳೆದುಕೊಳ್ಳುತ್ತಾನೆ. ಖಾಲಿ ಡಬ್ಬಿಗಳಿಗೆ ಕಳಪೆ ಎಣ್ಣೆ ತುಂಬಿ ಮಾರುವ ಮೋಸವು ದೇಶದ ಎಲ್ಲೆಡೆಯೂ ಇರುವುದರಿಂದ, ಆಯಿಲನ್ನು ಪೆಟ್ರೋಲ್ ಬಂಕಿನಲ್ಲಿಯೋ ಕಂಪನಿಯ ಅಧಿಕೃತ ವಿತರಕನಲ್ಲಿಯೋ ತಾನೇ ಕೊಂಡೊಯ್ದು, ಎದುರಿನಲ್ಲಿ ಮುಚ್ಚಳ ತೆಗೆಯಿಸಿ, ಖಾಲಿ ಡಬ್ಬಿಗೆ ಮೊಳೆಯಿಂದ ತೂತು ಹೊಡೆಯಿಸಿ ಬರುವುದು ಉಚಿತ.

ಮೆಕ್ಯಾನಿಕ್ಕನನ್ನು ಆರಿಸುವುದು ಇವೆಲ್ಲಕ್ಕಿಂತ ದೊಡ್ಡ ಕೆಲಸ. ಷೋರೂಮಿನಲ್ಲಿ ಹತ್ತು ಹದಿನೈದು ವರ್ಷ ಒಂದೇ ಕಂಪನಿಯ ಕಾರುಗಳನ್ನು ಬಿಚ್ಚಿ ಜೋಡಿಸಿ, ತರುವಾಯ ಸ್ವಂತವಾಗಿ ಗ್ಯಾರೇಜು ಇಟ್ಟುಕೊಂಡವರು ನಮ್ಮ ಪ್ರತಿಯೊಂದು ನಗರದಲ್ಲಿಯೂ ಇದ್ದಾರೆ. ಹುಬ್ಬಳ್ಳಿಯಲ್ಲಾಗಲಿ ಶಿವಮೊಗ್ಗದಲ್ಲಾಗಲಿ ಮೈಸೂರಿನಲ್ಲಾಗಲಿ ಅದೇ ಮಾಡೆಲಿನ ಟ್ಯಾಕ್ಸಿ ಓಡಿಸುವ ಚಾಲಕನನ್ನು ಕೇಳಿದರೆ ಅವರ ವಿಳಾಸ ಸಿಕ್ಕುತ್ತದೆ. ಕಾರೇ ಜೀವನಾಧಾರವಾಗಿರುವ ಆ ಚಾಲಕನ ಶಿಫಾರಸಿಗಿಂತ ನಂಬಲರ್ಹವಾದ ಪ್ರಮಾಣಪತ್ರವನ್ನು ನಾನು ಕಂಡಿಲ್ಲ. ಒಳ್ಳೆಯ ಮೆಕ್ಯಾನಿಕ್ಕನ ಲಕ್ಷಣಗಳು ಕಣ್ಣಿಗೇ ಕಾಣುವಂಥವು. ಅವನು ಬೋಲ್ಟನ್ನು ತೋಳಿನ ಬಲದಿಂದ ಕಿರುಚಿಸಿ ಬಿಗಿಯದೆ ಟಾರ್ಕ್ ವ್ರೆಂಚನ್ನು ಬಳಸುತ್ತಾನೆ. ಆಯಿಲು ಇಳಿಸಿದ ಮೇಲೆ ಡ್ರೈನ್ ಪ್ಲಗ್ಗಿನ ವಾಷರನ್ನು ಹೊಸದಾಗಿ ಹಾಕುತ್ತಾನೆ, ಕೆಲವು ರೂಪಾಯಿಯ ಆ ಉಂಗುರವನ್ನು ಹಳೆಯದನ್ನೇ ಬಿಗಿದರೆ ಮುಂದೆ ಆಯಿಲು ಜಿನುಗುವುದೆಂಬುದು ಅವನಿಗೆ ಗೊತ್ತು. ತೆಗೆದ ಭಾಗಗಳನ್ನು ಕೇಳದೆಯೇ ಮುಂದಿಟ್ಟು ತೋರಿಸುತ್ತಾನೆ. ಡ್ಯಾಷ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಹೊತ್ತಿದರೆ ಊಹೆಯಿಂದ ಭಾಗ ಬದಲಿಸದೆ ಸ್ಕ್ಯಾನರು ಹಚ್ಚಿ ಕೋಡು ಓದುತ್ತಾನೆ. ಮಾಲೀಕನು ಆಯಿಲನ್ನೂ ಬಿಡಿಭಾಗಗಳನ್ನೂ ತಾನೇ ತಂದಾಗ ಮೆಕ್ಯಾನಿಕ್ಕನಿಗೆ ಅವುಗಳ ಮೇಲಿನ ಲಾಭ ತಪ್ಪುತ್ತದೆ; ಆದಕಾರಣ ಕೂಲಿಯನ್ನು ಮೊದಲೇ ಗೊತ್ತುಮಾಡಿಕೊಂಡು, ಅದರಲ್ಲಿ ಚೌಕಾಸಿ ಮಾಡದೆ ಕೊಡುವುದು ಧರ್ಮ. ವಿದ್ಯೆಗೆ ಸಲ್ಲತಕ್ಕ ಹಣವನ್ನು ಕತ್ತರಿಸುವವನು ತನ್ನ ಕಾರಿಗೇ ಅನ್ಯಾಯ ಮಾಡಿಕೊಳ್ಳುತ್ತಾನೆ. ಬ್ಯಾಟರಿ, ಟೈರು, ವೀಲ್ ಅಲೈನ್‌ಮೆಂಟುಗಳಿಗೆ ಅವುಗಳದೇ ಅಂಗಡಿಗಳಿವೆ, ಡೀಲರನ ಮೂಲಕ ಹೋಗುವ ಕಾರಣವೇ ಇಲ್ಲ.

ಸ್ವಂತ ಕೈಯಿಂದ ಮಾಡಬಹುದಾದ ಕೆಲಸಗಳೂ ಕೆಲವುಂಟು. ಎಸಿ ಫಿಲ್ಟರನ್ನು ತೆಗೆದುಕೊಳ್ಳೋಣ. ನಮ್ಮ ಬಹುತೇಕ ಸಣ್ಣ ಕಾರುಗಳಲ್ಲಿ ಅದು ಎಡಗಡೆಯ ಡ್ಯಾಷ್‌ಬೋರ್ಡ್ ಪೆಟ್ಟಿಗೆಯ ಹಿಂದೆ ಇರುತ್ತದೆ. ಪೆಟ್ಟಿಗೆಯೊಳಗಿನ ಸಾಮಾನನ್ನು ತೆಗೆದು, ಅದರ ಎರಡು ಪಕ್ಕಗಳನ್ನೂ ಒಳಮುಖವಾಗಿ ಅದುಮಿದರೆ ಅದು ತಡೆಗಳಿಂದ ಬಿಡಿಸಿಕೊಂಡು ಕೆಳಕ್ಕೆ ಇಳಿಬೀಳುತ್ತದೆ. ಹಿಂದೆ ಕಾಣುವ ಅಂಗೈಯಗಲದ ಪ್ಲಾಸ್ಟಿಕ್ ಮುಚ್ಚಳದ ಕ್ಲಿಪ್ಪುಗಳನ್ನು ಒತ್ತಿ ತೆಗೆದು, ಒಣಗಿದೆಲೆ, ಕೂದಲು, ಬೂದುಬಣ್ಣದ ಧೂಳು ಮೆತ್ತಿಕೊಂಡ ಹಳೆಯ ಫಿಲ್ಟರನ್ನು ಎಳೆದು, ಗಾಳಿಯ ದಿಕ್ಕಿನ ಬಾಣದ ಗುರುತನ್ನು ನೋಡಿಕೊಂಡು ಹೊಸದನ್ನು ತಳ್ಳಿದರೆ ಕೆಲಸ ಮುಗಿಯಿತು. ಸ್ಪ್ಯಾನರೂ ಬೇಡ, ಸ್ಕ್ರೂಡ್ರೈವರೂ ಬೇಡ, ಹತ್ತು ನಿಮಿಷವೂ ಬೇಡ. ಇಂಜಿನ್ನಿನ ಏರ್ ಫಿಲ್ಟರೂ ಹೆಚ್ಚು ಕಡಿಮೆ ಇಷ್ಟೇ ಸುಲಭ. ಆಯಿಲ್ ಬದಲಾವಣೆಯನ್ನು ಮಾತ್ರ, ಕಾರನ್ನು ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸುವ ಸೌಕರ್ಯವಿಲ್ಲದವರು ಮನೆಯಲ್ಲಿ ಮಾಡಕೂಡದೆಂದು ಖಂಡಿತವಾಗಿ ಹೇಳುತ್ತೇನೆ. ಸ್ಟೆಪ್ನಿ ಬದಲಿಸಲು ಕೊಟ್ಟ ಜಾಕಿಯೊಂದನ್ನೇ ನಂಬಿ ಕಾರಿನ ಕೆಳಗೆ ನುಸುಳುವುದು ಪ್ರಾಣಾಪಾಯದ ಕೃತ್ಯ. ಇಳಿಸಿದ ಹಳೆಯ ಆಯಿಲನ್ನು ಚರಂಡಿಗೆ ಸುರಿಯುವುದು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಿಗೂ ವಿರುದ್ಧ, ಕೆರೆಬಾವಿಗಳಿಗೂ ದ್ರೋಹ.

ಎಲ್ಲಿ ಉಳಿಸಕೂಡದೆಂಬುದಕ್ಕೆ ಬ್ರೇಕ್ ಆಯಿಲಿನಷ್ಟು ಸ್ಪಷ್ಟವಾದ ದೃಷ್ಟಾಂತ ಬೇರೊಂದಿಲ್ಲ. ಅದು ಗಾಳಿಯಲ್ಲಿನ ತೇವವನ್ನು ಹೀರುತ್ತ ಹೋಗುವ ದ್ರವ. ಡಾಟ್-3 ದರ್ಜೆಯದು ಹೊಸತಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಡೆಯುತ್ತದೆ, ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್-4ರಲ್ಲಿ 230ರಿಂದ 155ಕ್ಕೆ. ಊರೊಳಗಿನ ಓಡಾಟದಲ್ಲಿ ಈ ವ್ಯತ್ಯಾಸವು ಗೊತ್ತಾಗದು. ಆದರೆ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿಯನ್ನು ತುಂಬಿದ ಕಾರಿನಲ್ಲಿ ಇಳಿಯುವಾಗ, ಅಥವಾ ಆಗುಂಬೆಯ ಕಡಿದಾದ ತಿರುವುಗಳಲ್ಲಿ, ಬ್ರೇಕನ್ನು ಮತ್ತೆ ಮತ್ತೆ ಒತ್ತಿ ಅದರ ತಟ್ಟೆಗಳು ಕಾದಾಗ, ಹಳೆಯ ದ್ರವವು ಕುದಿದು ಆವಿಯ ಗುಳ್ಳೆಗಳೇಳುತ್ತವೆ; ದ್ರವವು ಅದುಮಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ; ಪೆಡಲು ಕಾಲಡಿಯಲ್ಲಿ ಮೆತ್ತಗಾಗಿ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಮಾಲೀಕನು ಫ್ಲಶ್ಶಿಗೂ ಕೋಟಿಂಗಿಗೂ ಹಣ ಕೊಟ್ಟು, ಎರಡು ವರ್ಷಕ್ಕೊಮ್ಮೆ ಬದಲಿಸತಕ್ಕ ಕೆಲವು ನೂರು ರೂಪಾಯಿಯ ಈ ದ್ರವವನ್ನು ಐದು ವರ್ಷ ಮರೆತಿರುವ ಉದಾಹರಣೆಗಳು ವಿರಳವಲ್ಲ. ಟೈಮಿಂಗ್ ಬೆಲ್ಟ್ ಇರುವ ಇಂಜಿನ್ನುಗಳಲ್ಲಿ ಅದರ ಅವಧಿಯನ್ನೂ ಹೀಗೆಯೇ ಕಟ್ಟುನಿಟ್ಟಾಗಿ ಪಾಲಿಸಬೇಕು. ಓಡುತ್ತಿರುವಾಗ ಅದು ತುಂಡಾದರೆ ಅನೇಕ ಇಂಜಿನ್ನುಗಳಲ್ಲಿ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ.

ಡೀಲರನನ್ನು ಸಂಪೂರ್ಣವಾಗಿ ತ್ಯಜಿಸಬೇಕೆಂಬುದು ನನ್ನ ವಾದವಲ್ಲ. ಏರ್‌ಬ್ಯಾಗಿನ ಕೆಲಸ, ಕೀಲಿಯ ಕೋಡಿಂಗು, ಕಂಪನಿಯ ಸಾಫ್ಟ್‌ವೇರನ್ನು ನವೀಕರಿಸುವುದು ಅಲ್ಲಿಯೇ ಆಗಬೇಕು. ತಯಾರಿಕೆಯ ದೋಷಕ್ಕಾಗಿ ಕಂಪನಿಯು ಕಾರನ್ನು ಹಿಂದಕ್ಕೆ ಕರೆಯುವ ರೀಕಾಲ್ ಪದ್ಧತಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯು ಶಾಸನಬದ್ಧ ಸ್ವರೂಪ ಕೊಟ್ಟಿದೆ. ಟಕಾಟಾ ಸಂಸ್ಥೆಯ ದೋಷಯುಕ್ತ ಏರ್‌ಬ್ಯಾಗುಗಳಿಗಾಗಿ ಜಗತ್ತಿನಾದ್ಯಂತ ಕೋಟಿಗಟ್ಟಲೆ ಕಾರುಗಳನ್ನು ಹಿಂದಕ್ಕೆ ಕರೆದಾಗ ನಮ್ಮ ದೇಶದ ಹಳೆಯ ಕಾರುಗಳೂ ಅದರಲ್ಲಿದ್ದುವು. ಈ ಕೆಲಸಕ್ಕೆ ಮಾಲೀಕನು ಹಣ ಕೊಡಬೇಕಾಗಿಲ್ಲ. ಹೊರಗೆ ಸರ್ವೀಸು ಮಾಡಿಸುವವನಿಗೆ ಷೋರೂಮಿನ ಫೋನು ಬಾರದಿರಬಹುದಾದ ಕಾರಣ, ವರ್ಷಕ್ಕೊಮ್ಮೆ ಕಂಪನಿಯ ಜಾಲತಾಣದಲ್ಲಿ ತನ್ನ ಚಾಸಿಸ್ ನಂಬರನ್ನು ಹಾಕಿ ತಾನೇ ನೋಡಿಕೊಳ್ಳಬೇಕು.

ಷೋರೂಮಿನ ಕಂಪ್ಯೂಟರಿನಲ್ಲಿ ಸಂಗ್ರಹವಾಗುವ ಸರ್ವೀಸು ಚರಿತ್ರೆಯು ಹೊರಗೆ ಹೋದವನಿಗಿಲ್ಲ. ಕಾರನ್ನು ಮಾರುವಾಗ ಕೊಳ್ಳುವವನು ಮೊದಲು ಕೇಳುವುದೂ ಅದನ್ನೇ. ಇದಕ್ಕೆ ಪರಿಹಾರ ನೂರು ಪುಟದ ಒಂದು ನೋಟ್‌ಬುಕ್ಕು. ದಿನಾಂಕ, ಮೀಟರಿನ ಅಂಕೆ, ಹಾಕಿದ ಆಯಿಲಿನ ದರ್ಜೆ, ಬದಲಿಸಿದ ಭಾಗದ ನಂಬರು, ಕೊಟ್ಟ ಕೂಲಿ ಇಷ್ಟನ್ನು ಬರೆದು, ಬಿಲ್ಲುಗಳನ್ನು ಅಲ್ಲಿಯೇ ಅಂಟಿಸಿಟ್ಟರೆ, 'ಜನರಲ್ ಚೆಕಪ್' ಎಂಬ ಒಂದು ಸಾಲಿನ ಕಂಪ್ಯೂಟರ್ ದಾಖಲೆಗಿಂತ ಹೆಚ್ಚಿನ ವಿಶ್ವಾಸವನ್ನು ಅದು ಹುಟ್ಟಿಸುತ್ತದೆ.

ವಿದ್ಯುತ್ ಕಾರುಗಳು ಈ ಪ್ರಶ್ನೆಗೆ ಹೊಸ ರೂಪ ಕೊಡುತ್ತಿವೆ. ಅವುಗಳಲ್ಲಿ ಇಂಜಿನ್ ಆಯಿಲಿಲ್ಲ, ಆಯಿಲ್ ಫಿಲ್ಟರಿಲ್ಲ, ಪ್ಲಗ್ಗಿಲ್ಲ. ವೇಗ ತಗ್ಗಿಸುವಾಗ ಮೋಟಾರೇ ಬ್ಯಾಟರಿಗೆ ವಿದ್ಯುತ್ತನ್ನು ಹಿಂದಿರುಗಿಸುವುದರಿಂದ ಬ್ರೇಕ್ ಪ್ಯಾಡಿನ ಸವೆತವೂ ಕಡಿಮೆ. ಸರ್ವೀಸಿನ ಕೋಷ್ಟಕ ಅರ್ಧಕ್ಕೆ ಇಳಿದಿದೆ. ಆದರೆ ಕಿತ್ತಳೆ ಬಣ್ಣದ ಕೇಬಲುಗಳಲ್ಲಿ ಕೆಲವು ನೂರು ವೋಲ್ಟಿನ ವಿದ್ಯುತ್ತು ಹರಿಯುತ್ತಿರುತ್ತದೆ. ಅದನ್ನು ಮುಟ್ಟುವುದಕ್ಕೆ ಬೇಕಾದ ತರಬೇತಿಯೂ ನಿರೋಧಕ ಉಪಕರಣಗಳೂ ನಮ್ಮ ಸ್ವತಂತ್ರ ಗ್ಯಾರೇಜುಗಳಲ್ಲಿ ಬಹುತೇಕ ಕಡೆ ಇನ್ನೂ ಬಂದಿಲ್ಲ, ಕಂಪನಿಗಳು ಅದನ್ನು ಹಂಚಿಕೊಳ್ಳುವ ಉತ್ಸಾಹವನ್ನೂ ತೋರಿಲ್ಲ. 2014ರಲ್ಲಿ ಸ್ಪರ್ಧಾ ಆಯೋಗವು ಪೆಟ್ರೋಲು ಕಾರುಗಳ ಬಿಡಿಭಾಗ ಮತ್ತು ಮಾಹಿತಿಯ ವಿಷಯದಲ್ಲಿ ಎತ್ತಿದ ಆಕ್ಷೇಪವನ್ನು ಬ್ಯಾಟರಿ ಮತ್ತು ಸಾಫ್ಟ್‌ವೇರಿನ ವಿಷಯದಲ್ಲಿ ಮತ್ತೊಮ್ಮೆ ಎತ್ತಬೇಕಾಗಿ ಬರುವುದೆಂದೇ ತೋರುತ್ತದೆ. ಸದ್ಯಕ್ಕೆ, ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿಲೋಮೀಟರಿನವರೆಗೆ ಇರುವ ಬ್ಯಾಟರಿಯ ವಾರಂಟಿ ಮುಗಿಯುವ ತನಕ ಅದರ ತಪಾಸಣೆಗೆ ಷೋರೂಮಿಗೇ ಹೋಗಿ, ಟೈರು, ವೈಪರು, ಎಸಿ ಫಿಲ್ಟರು ಮತ್ತು ಬ್ರೇಕ್ ಆಯಿಲುಗಳನ್ನು ವಾರಂಟಿಯ ಷರತ್ತುಗಳನ್ನು ಓದಿಕೊಂಡು ಹೊರಗೆ ಮಾಡಿಸುವುದೇ ವಿದ್ಯುತ್ ಕಾರಿನ ಮಾಲೀಕನಿಗೆ ಇರುವ ದಾರಿ.